ಬೆಂಗಳೂರು ವಿಜಯನಗರದ ಕಡೆ ಸರ್ಕಾರಿ ಕೆಲಸಕ್ಕೆ ಅರ್ಜಿ ತುಂಬೋ ಸೈಬರ್ ಅಂಗಡಿ: 4 ಸ್ಟಾರ್, ಒಂದು ಕಟ್

ಮೊದ್ಲೇ ಹೇಳ್ಬಿಡ್ತೀನಿ, ಅಂಗಡಿ ಹೆಸರು ಹಾಕಲ್ಲ. ಓನರ್ ಅಣ್ಣನ್ನ ಕೇಳ್ದೆ, "ಇರೋ ಜನಾನೇ ಸುಧಾರ್ಸಕ್ಕಾಗ್ತಿಲ್ಲ, ನೀವ್ ಬೇರೆ ಬರ್ದು ಇನ್ನಷ್ಟು ಜನ ಕಳಿಸ್ಬೇಡಿ" ಅಂದ್ರು. ಅದೂ ಅಲ್ದೆ ಕೆಳಗೆ ಒಂದೆರಡು ಕಡೆ ಬೈದಿದೀನಿ, ಆ ಕಾರಣಕ್ಕೂ ಬೇಡ. ಅತ್ತಿಗುಪ್ಪೆ, ಚಂದ್ರಾ ಲೇಔಟ್, ಹಂಪಿನಗರ ಲೈಬ್ರರಿ ಸುತ್ತಮುತ್ತ ಪಿಜಿ ಮಾಡ್ಕೊಂಡು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಪಿಎಸ್‌ಐ, ಕೆಎಎಸ್ ಅಂತ ಓದ್ತಿರೋರಿಗೆ ಯಾವ್ದು ಅಂತ ಗೊತ್ತಾಗೋಗತ್ತೆ. ಗೊತ್ತಾಗ್ಲಿಲ್ಲ ಅಂದ್ರೂ ಪರ್ವಾಗಿಲ್ಲ, ಇಂಥ ಅಂಗಡಿ ಆ ಕಡೆ ರಸ್ತೆಗೊಂದಿದೆ, ಯಾವ್ದನ್ನ ನಂಬ್ಬೇಕು ಯಾವ್ದನ್ನ ಬಿಡ್ಬೇಕು ಅಂತ ನೋಡ್ಕೊಳೋಕಾದ್ರೂ ಇದು ಉಪಯೋಗಕ್ಕೆ ಬರತ್ತೆ.

ತುಂಬಾ ಜನ ಕೇಳ್ತಾರೆ, ಎಲ್ಲಾ ಆನ್‌ಲೈನೇ ಅಲ್ವಾ, ಮೊಬೈಲಲ್ಲೇ ಅರ್ಜಿ ಹಾಕ್ಬಹುದಲ್ಲ, ಸುಮ್ನೆ ಅಂಗಡಿಗೆ ಹೋಗಿ ದುಡ್ಡು ಯಾಕೆ ದಂಡ ಅಂತ. ಹಾಕ್ಬಹುದು. ಹೆಸರು, ವಿಳಾಸ, ಮಾರ್ಕ್ಸು ಟೈಪ್ ಮಾಡೋಕೆ ಯಾರೂ ಬೇಕಾಗಿಲ್ಲ. ಆದ್ರೆ ನನ್ ಪ್ರಕಾರ ಈ ಅಂಗಡಿಲಿ ನೀವು ಕೊಡೋ ದುಡ್ಡು ಟೈಪಿಂಗಿಗಲ್ಲ, ನೋಟಿಫಿಕೇಶನ್ ಪೂರ್ತಿ ಓದಿರೋ ಒಬ್ಬ ಮನುಷ್ಯ ಎದುರಿಗೆ ಕೂತು ನಿಮ್ಮನ್ನ ನಾಲ್ಕು ಪ್ರಶ್ನೆ ಕೇಳ್ತಾನಲ್ಲ, ಅದಕ್ಕೆ. ಆ ಕೆಲ್ಸ ಮುಂಚೆ ಆಫೀಸಲ್ಲಿ ಕೂತಿರೋ ಗುಮಾಸ್ತ ಮಾಡ್ತಿದ್ದ, ಬೈಕೊಂಡಾದ್ರೂ ಮಾಡ್ತಿದ್ದ, "ಇದು ಇಲ್ಲ, ಅದು ತಗೊಂಬಾ" ಅಂತ ಫಾರಂ ವಾಪಸ್ ಮುಖಕ್ಕೆ ಹಿಡೀತಿದ್ದ. ಈಗ ಗುಮಾಸ್ತ ಇಲ್ಲ, ವೆಬ್‌ಸೈಟ್ ಇದೆ, ವೆಬ್‌ಸೈಟ್ ಏನು ಕೊಟ್ರೂ ತಗೊಳತ್ತೆ, ತಪ್ಪಿದ್ರೂ ತಗೊಳತ್ತೆ, ತಗೊಂಡು "ಅರ್ಜಿ ಯಶಸ್ವಿಯಾಗಿ ಸಲ್ಲಿಕೆಯಾಗಿದೆ" ಅನ್ನತ್ತೆ. ತಪ್ಪು ಗೊತ್ತಾಗೋದು ವರ್ಷ ಎರಡು ವರ್ಷ ಆದ್ಮೇಲೆ, ಎಕ್ಸಾಂ ಬರ್ದು ಕಟಾಫ್ ದಾಟಿ ಡಾಕ್ಯುಮೆಂಟ್ ವೆರಿಫಿಕೇಶನ್ನಿಗೆ ಫೈಲ್ ಹಿಡ್ಕೊಂಡು ಕೂತಾಗ.

ಅಂಗಡಿ ಏನ್ ದೊಡ್ಡದಲ್ಲ. ಮೂರು ಸಿಸ್ಟಮ್ಮು, ಒಂದು ಸ್ಕ್ಯಾನರ್, ಜೆರಾಕ್ಸ್ ಮಷೀನು, ಹಿಂದ್ಗಡೆ ಬಿಳಿ ಪರದೆ ಹಾಕಿ ಫೋಟೋ ತೆಗೆಯೋಕೊಂದು ಸ್ಟೂಲು. ಗೋಡೆ ಮೇಲೆ ವೈಟ್ ಬೋರ್ಡು, ಅದ್ರಲ್ಲಿ ಮಾರ್ಕರಲ್ಲಿ ಯಾವ ಯಾವ ಪೋಸ್ಟಿಗೆ ಕರೆದಿದಾರೆ, ಲಾಸ್ಟ್ ಡೇಟ್ ಯಾವತ್ತು, ಫೀಸ್ ಎಷ್ಟು. ಆ ಬೋರ್ಡ್ ಒಂದಕ್ಕೇ ದಿನಾ ಜನ ಬಂದು ನೋಡ್ಕೊಂಡು ಹೋಗ್ತಾರೆ, ಅಣ್ಣ ಏನೂ ಅನ್ನಲ್ಲ. ಓನರ್ ಅಣ್ಣನೂ ಒಂದು ಕಾಲ್ದಲ್ಲಿ ಎಫ್‌ಡಿಎ, ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಅಂತ ಓದ್ದೋರೇ, ಏಜ್ ಬಾರ್ ಆದ್ಮೇಲೆ ಅಂಗಡಿ ಇಟ್ರು. ಕೆಲ್ಸಕ್ಕೆ ಒಬ್ರು ಅಕ್ಕ ಇದಾರೆ, ಟೈಪಿಂಗಲ್ಲಿ ಅಣ್ಣನಿಗಿಂತ ಫಾಸ್ಟು, ಕನ್ನಡ ನುಡಿ ಕೀಬೋರ್ಡ್ ಕಣ್ಮುಚ್ಕೊಂಡು ಹೊಡೀತಾರೆ.

ಅಣ್ಣನ ಮೊದಲ ಪ್ರಶ್ನೆ ಯಾವಾಗ್ಲೂ ಒಂದೇ, "ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಎಲ್ಲಿ?" ಆಧಾರ್ ಚಾಚಿದ್ರೆ ಪಕ್ಕಕ್ಕಿಡ್ತಾರೆ. ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ಎಲ್ಲಾ ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಹೆಂಗಿದ್ಯೋ ಹಂಗೇ ಹೋಗ್ಬೇಕು. ಆಧಾರಲ್ಲಿ ಇನಿಶಿಯಲ್ ಬಿಡಿಸಿ ಊರ ಹೆಸರೆಲ್ಲಾ ಸೇರಿಸಿಟ್ಟಿರ್ತಾರೆ, ಅದನ್ನ ನೋಡ್ಕೊಂಡು ತುಂಬಿದ್ರೆ ಆಮೇಲೆ ನೋಟರಿ ಅಫಿಡವಿಟ್ಟು ಅಂತ ಓಡಾಟ. ಬೇರೆ ಅಂಗಡಿಗಳಲ್ಲಿ ಆಧಾರ್ ನಂಬರ್ ಕೇಳಿ ಹಂಗೇ ಟಕಟಕ ತುಂಬಿ ಪ್ರಿಂಟ್ ಕೈಗಿಡೋದು ನೋಡಿದೀನಿ.

ಒಂದು ಸಲ ನಾನು ಪ್ರಿಂಟಿಗೆ ಕಾಯ್ತಾ ಕೂತಿದ್ದಾಗ ನೋಡಿದ್ದು ಹೇಳ್ತೀನಿ, ಅಂಗಡಿ ಹೆಂಗೆ ಅಂತ ಅದ್ರಲ್ಲೇ ಗೊತ್ತಾಗತ್ತೆ. 2024ರಲ್ಲಿ ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ಪಿಡಿಒ ಕಾಲ್‌ಫಾರ್ ಆಗಿತ್ತಲ್ಲ, ಅಂದ್ರೆ ಅರ್ಜಿ ಕರೆದಿದ್ರಲ್ಲ, ಒಟ್ಟು 247 ಪೋಸ್ಟು, ಆ ಟೈಮು. ಲಿಂಗಸೂಗೂರು ಕಡೆ ಹುಡುಗಿ, ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್.

"ಯಾವ್ ಜಿಲ್ಲೆಮ್ಮಾ?"

"ರಾಯಚೂರ್ರಿ ಸರ."

"371 ಜೆ ಸರ್ಟಿಫಿಕೇಟ್ ಮಾಡ್ಸಿದೀಯಾ?"

"ಹೂನ್ರಿ, ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿಂದ ತಗೊಂಡೀನ್ರಿ."

"ಹಂಗಾದ್ರೆ ನಿಂದು ಎರಡು ಅರ್ಜಿ, ಒಂದಲ್ಲ."

ಆ ಹುಡುಗಿಗೆ ಅದು ಗೊತ್ತಿರ್ಲಿಲ್ಲ. 247ರಲ್ಲಿ 97 ಪೋಸ್ಟು ಕಲ್ಯಾಣ ಕರ್ನಾಟಕದ್ದು, 150 ಉಳಿಕೆ ಮೂಲ ವೃಂದದ್ದು ಅಂದ್ರೆ ರಾಜ್ಯದ ಮಿಕ್ಕ ಭಾಗದ್ದು, ಎರಡಕ್ಕೂ ಬೇರೆ ಬೇರೆ ನೋಟಿಫಿಕೇಶನ್ನು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಯೋರಿಗೆ ಸಂವಿಧಾನದ 371 ಜೆ ಪ್ರಕಾರ ಆ ಭಾಗದ ಕೆಲಸಗಳಲ್ಲಿ ಗ್ರೂಪ್ ಸಿ ಆದ್ರೆ 80 ಪರ್ಸೆಂಟ್, ಡಿ ಆದ್ರೆ 85, ಎ ಮತ್ತೆ ಬಿ ಗೆ 75 ಮೀಸಲು, ಬೆಂಗಳೂರಲ್ಲಿರೋ ರಾಜ್ಯಮಟ್ಟದ ಆಫೀಸುಗಳಲ್ಲೂ 8 ಪರ್ಸೆಂಟ್ ಇದೆ. ಸರ್ಟಿಫಿಕೇಟ್ ಮಾಡ್ಸಿರೋರಿಗೂ ಎಷ್ಟೋ ಜನಕ್ಕೆ ಇದನ್ನ ಅರ್ಜಿಲಿ ಎಲ್ಲಿ ಹೆಂಗೆ ತೋರಿಸ್ಬೇಕು ಅಂತ ಗೊತ್ತಿರಲ್ಲ.

ಅಣ್ಣ ಅಲ್ಲಿಗೇ ಬಿಡ್ಲಿಲ್ಲ. "ಒಂದ್ರಿಂದ ಹತ್ತರ ತನಕ ಎಲ್ಲಿ ಓದಿದ್ದು?" ಏಳನೇ ಕ್ಲಾಸ್ ತನಕ ಊರಾಗ್ರಿ, ಹೈಸ್ಕೂಲು ಲಿಂಗಸೂಗೂರಾಗ, ಅಂದ್ಲು. "ಹಂಗಾದ್ರೆ ಗ್ರಾಮೀಣ ಕ್ಲೇಮ್ ಮಾಡ್ಬೇಡ." ಆ ಹುಡುಗಿ ಮುಖ ಸಪ್ಪಗಾಯ್ತು, ಯಾಕಂದ್ರೆ ಗ್ರಾಮೀಣಕ್ಕೆ 25 ಪರ್ಸೆಂಟ್ ಇದೆ, ಕಟಾಫ್ ಕಮ್ಮಿ ನಿಲ್ಲತ್ತೆ ಅನ್ನೋ ಆಸೆ, ಜೊತೆಗೆ ಹಳ್ಳಿಯೋಳೇ ಹಳ್ಳಿಯೋಳಲ್ಲ ಅಂದ್ರೆ ಯಾರಿಗಾದ್ರೂ ಬೇಜಾರೇ. ಆದ್ರೆ ರೂಲು ಹಂಗಿದೆ, ಈಗ ಎಲ್ಲಿ ವಾಸ ಇದೀರ ಅಂತ ಅಲ್ಲ, ಒಂದ್ರಿಂದ ಹತ್ತರವರೆಗೂ ಗ್ರಾಮೀಣ ಪ್ರದೇಶದ ಸ್ಕೂಲಲ್ಲೇ ಓದಿರ್ಬೇಕು, ಹೆಡ್‌ಮಾಸ್ಟರ್ ಬರ್ದುಕೊಟ್ಟು ಅದ್ರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಇರ್ಬೇಕು. ಲಿಂಗಸೂಗೂರು ಪಟ್ಟಣ. ಟಿಕ್ ಹಾಕಿದ್ರೆ ವೆಬ್‌ಸೈಟ್ ಬೇಡ ಅಂತಿರ್ಲಿಲ್ಲ. "ಕನ್ನಡ ಮೀಡಿಯಮ್ಮಾ?" ಅಂದ್ರು, ಹೌದು ಪೂರ್ತಿ ಕನ್ನಡಾನೇ ಅಂದ್ಲು, ಸರಿ ಅದನ್ನ ಹಾಕು, 5 ಪರ್ಸೆಂಟ್ ಅದ್ರಲ್ಲಿದೆ, ಎರಡು ಸ್ಕೂಲಿಂದ್ಲೂ ಸೈನ್ ಮಾಡ್ಸಿಟ್ಕೋ ಅಂದ್ರು.

ಆಮೇಲೆ ಜಾತಿ ಆದಾಯ ಪ್ರಮಾಣಪತ್ರ ತಗೊಂಡು ಕೆಳಗಡೆ ಡೇಟ್ ನೋಡಿದ್ರು. ಹಿಂದುಳಿದ ವರ್ಗ 2ಎ. ಡಿಗ್ರಿ ಸ್ಕಾಲರ್‌ಶಿಪ್ಪಿಗೆ ಅಂತ ಯಾವಾಗ್ಲೋ ಮಾಡ್ಸಿದ್ದು. 2ಎ 2ಬಿ 3ಎ 3ಬಿ ಇವಕ್ಕೆಲ್ಲಾ ಐದು ವರ್ಷ ಅಷ್ಟೇ ವ್ಯಾಲಿಡಿಟಿ, ಎಸ್‌ಸಿ ಎಸ್‌ಟಿ ಪ್ರವರ್ಗ 1ರ ಥರ ಲೈಫ್ ಟೈಮ್ ಅಲ್ಲ. ಅರ್ಜಿ ಹಾಕೋ ಲಾಸ್ಟ್ ಡೇಟಿಗೆ ಅದು ಚಾಲ್ತಿಲಿರ್ಬೇಕು, ಇದು ಅದಕ್ಕಿಂತ ಮುಂಚೆನೇ ಮುಗಿದೋಗ್ತಿತ್ತು. "ಇವತ್ತು ತುಂಬಲ್ಲಮ್ಮಾ. ನಾಡಕಚೇರಿಗೆ ಹೊಸದಕ್ಕೆ ಹಾಕು, ಆರ್‌ಡಿ ನಂಬರ್ ಬಂದ್ಮೇಲೆ ಬಾ, ಇನ್ನೂ ಟೈಮಿದೆ" ಅಂದು ಫೋಲ್ಡರ್ ವಾಪಸ್ ಕೊಟ್ರು. ಒಂದು ರೂಪಾಯಿ ಇಸ್ಕೊಳ್ಲಿಲ್ಲ, ಬಂದಿರೋ ಗಿರಾಕಿನ ಹಂಗೇ ಕಳಿಸಿದ್ರು, ಹಿಂದೆ ಕ್ಯೂ ನಿಂತೋರು ಗೊಣಗ್ತಿದ್ರು. ನಾನು ಕೊಟ್ಟಿರೋ ನಾಲ್ಕು ಸ್ಟಾರಲ್ಲಿ ಮೂರು ಈ ಒಂದು ಕಾರಣಕ್ಕೇ.

ಇಲ್ಲೇ ಸ್ವಲ್ಪ ಆಡಳಿತದ ವಿಷ್ಯನೂ ಹೇಳ್ಬಿಡ್ತೀನಿ, ಯಾಕಂದ್ರೆ ಆನ್‌ಲೈನ್ ಆನ್‌ಲೈನ್ ಅಂತಾರಲ್ಲ, ಆನ್‌ಲೈನ್ ಆಗಿರೋದು ಕೊನೇ ಅರ್ಧ ಗಂಟೆ ಕೆಲ್ಸ ಮಾತ್ರ. ಹೆಡ್‌ಮಾಸ್ಟರ್ ಸೈನ್, ಬಿಇಒ ಸೀಲು, ಎಸಿ ಆಫೀಸಿನ 371 ಜೆ ಪತ್ರ, ಸಾಮಾನ್ಯ ವರ್ಗದ ಗ್ರಾಮೀಣ ಅಭ್ಯರ್ಥಿ ಆದ್ರೆ ತಹಸೀಲ್ದಾರ್ ಕಡೆಯಿಂದ ಇನ್ನೊಂದು ನಮೂನೆ, ಇದೆಲ್ಲಾ ಊರಲ್ಲಿ. ಓದ್ತಿರೋರು ಬೆಂಗಳೂರಲ್ಲಿ. ನೋಟಿಫಿಕೇಶನ್ ಬಂದ್ರೆ ಸಾಕು ಮೆಜೆಸ್ಟಿಕ್ಕಲ್ಲಿ ರಾತ್ರಿ ಬಸ್ಸು ಹತ್ಕೊಂಡು ಊರಿಗೆ, ಹೆಡ್‌ಮಾಸ್ಟರ್ ಟ್ರೈನಿಂಗಿಗೆ ಹೋಗಿರ್ತಾರೆ, ಬಿಇಒ ಮೀಟಿಂಗಲ್ಲಿರ್ತಾರೆ, ಒಂದು ಸೈನಿಗೆ ಎರಡು ದಿನ ಓದು ಹಾಳು. ಆಮೇಲೆ ಸೆಲೆಕ್ಟ್ ಆದ್ರೆ ಅದೇ ಪತ್ರಗಳ ಒರಿಜಿನಲ್ ಹಿಡ್ಕೊಂಡು ಕೆಪಿಎಸ್‌ಸಿ ಆದ್ರೆ ಉದ್ಯೋಗ ಸೌಧಕ್ಕೆ ಬರ್ಬೇಕು.

ಒಂದು ವಿಷ್ಯಕ್ಕೆ ಸರ್ಕಾರಕ್ಕೆ ಶಭಾಷ್ ಅನ್ಲೇಬೇಕು, ಆರ್‌ಡಿ ನಂಬರ್. ಜಾತಿ ಆದಾಯ ಪತ್ರದ ಆ ನಂಬರ್ ಹೊಡೆದ್ರೆ ಸಿಇಟಿ ಅರ್ಜಿಲೆಲ್ಲಾ ನಾಡಕಚೇರಿ ಡೇಟಾದಿಂದ ನೇರ ಚೆಕ್ ಆಗತ್ತೆ, ಪೇಪರ್ ತೋರ್ಸೋ ರಗಳೆ ಕಮ್ಮಿ. ಇದನ್ನೇ ಗ್ರಾಮೀಣ ಮತ್ತೆ ಕನ್ನಡ ಮಾಧ್ಯಮಕ್ಕೂ ಮಾಡಿದ್ರೆ ಮುಗೀತು, ಯಾವ ಮಗು ಯಾವ ಸ್ಕೂಲಲ್ಲಿ ಯಾವ ಮೀಡಿಯಮ್ಮಲ್ಲಿ ಓದ್ತಿದೆ ಅಂತ ಈಗೆಲ್ಲಾ ಶಿಕ್ಷಣ ಇಲಾಖೆ ಕಂಪ್ಯೂಟರಲ್ಲೇ ಇರತ್ತಲ್ಲ. ಸಕಾಲ ಬಂದಿದ್ದು 2012ರ ಏಪ್ರಿಲಲ್ಲಿ, ಸರ್ಟಿಫಿಕೇಟ್ ಟೈಮಿಗೆ ಸರಿಯಾಗಿ ಕೊಡ್ಲಿಲ್ಲ ಅಂದ್ರೆ ದಿನಕ್ಕೆ 20 ರೂಪಾಯಿ ಥರ ಜಾಸ್ತಿ ಅಂದ್ರೆ 500 ರೂಪಾಯಿ ಪರಿಹಾರ ಕೇಳ್ಬಹುದು ಅಂತ ಕಾಯ್ದೆಲಿದೆ, ನಮ್ ಪಿಜಿಲಿ ಯಾರೂ ಕೇಳಿದ್ದು ನಾನಂತೂ ಕಂಡಿಲ್ಲ. 500 ರೂಪಾಯಿಗೋಸ್ಕರ ಅದೇ ಆಫೀಸಿನೋರ ಹತ್ರ ಯಾರು ವಿರೋಧ ಕಟ್ಕೊಳ್ತಾರೆ ಹೇಳಿ, ನಾಳೆ ಮತ್ತೆ ಅಲ್ಲೇ ಹೋಗ್ಬೇಕು.

ಸರಿ ಅಂಗಡಿಗೆ ಬರ್ತೀನಿ. ರೇಟು. ಕೆಪಿಎಸ್‌ಸಿ ಅರ್ಜಿಗೆ 150 ತಗೋತಾರೆ, ಸಣ್ಣಪುಟ್ಟ ಅರ್ಜಿ ಆದ್ರೆ 100, ಫೋಟೋ ಬೇರೆ, ಪ್ರಿಂಟ್ ಬೇರೆ. ಈ ಏರಿಯಾಗೆ ಕಮ್ಮಿ ಏನಲ್ಲ, ಪಕ್ಕದ ರಸ್ತೆಲಿ 80ಕ್ಕೂ ಮಾಡ್ತಾರೆ. ಆದ್ರೆ ಇಲ್ಲಿ ಫೀಸ್ ರಸೀದಿ ಪ್ರಿಂಟ್ ತೆಗೆದು ಅರ್ಜಿ ಜೊತೆ ಪಿನ್ ಹೊಡೆದು ಕೊಡ್ತಾರೆ. ಇದನ್ನ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ, ಕೆಪಿಎಸ್‌ಸಿಲಿ ಸಾಮಾನ್ಯ ವರ್ಗಕ್ಕೆ 600, 2ಎ 2ಬಿ 3ಎ 3ಬಿ ಗೆ 300, ಮಾಜಿ ಸೈನಿಕರಿಗೆ 50, ಎಸ್‌ಸಿ ಎಸ್‌ಟಿ ಪ್ರವರ್ಗ 1 ಮತ್ತೆ ಅಂಗವಿಕಲರಿಗೆ ಫೀಸೇ ಇಲ್ಲ, ಎಲ್ಲರೂ ಕಟ್ಟೋ ಪ್ರೊಸೆಸಿಂಗ್ ಚಾರ್ಜ್ 35 ಮಾತ್ರ. ಇದು ಗೊತ್ತಿಲ್ದೇ ಇರೋ ಹುಡುಗ್ರ ಹತ್ರ ಎಲ್ಲರಿಗೂ ಒಂದೇ ಲೆಕ್ಕ ಅಂತ 600 ಪ್ಲಸ್ ಸರ್ವಿಸ್ ಚಾರ್ಜ್ ಇಸ್ಕೊಂಡು 35 ಕಟ್ಟಿ ಉಳಿದಿದ್ದು ಜೇಬಿಗಿಳಿಸೋ ಅಂಗಡಿನೂ ಅದೇ ರಸ್ತೆಲಿತ್ತು, ನನ್ ರೂಮ್‌ಮೇಟ್ ಕೈಲೇ ಇಸ್ಕೊಂಡಿದ್ರು, ರಸೀದಿ ಕೇಳಿದ್ರೆ "ಸರ್ವರ್ ಸ್ಲೋ ಇದೆ ಸಂಜೆ ಬನ್ನಿ" ಅಂತ. ರಸೀದಿ ಕೈಗೆ ಬರೋ ತನಕ ಎದ್ದು ಬರ್ಬೇಡಿ, ಎಲ್ಲೇ ಹಾಕ್ಸಿ.

ಓಟಿಪಿಗೆ ನಿಮ್ ನಂಬರೇ ಕೊಡ್ಬೇಕು, ಇಮೇಲೂ ನಿಮ್ದೇ. ಇಮೇಲ್ ಇಲ್ಲ ಅಂದ್ರೆ ಅಲ್ಲೇ ಕೂತು ಮಾಡ್ಸಿ ಪಾಸ್‌ವರ್ಡ್ ನಿಮ್ಮ ಕೈಲೇ ಟೈಪ್ ಮಾಡಿಸ್ತಾರೆ. ಕೆಲವು ಕಡೆ ಅಂಗಡಿಯೋರದ್ದೇ ನಂಬರ್ ಹಾಕ್ಬಿಡ್ತಾರೆ, ಆಮೇಲೆ ಹಾಲ್ ಟಿಕೆಟ್ ಬಂದಿದೆ ಅನ್ನೋ ಮೆಸೇಜ್ ಅವ್ರಿಗೆ ಹೋಗತ್ತೆ, ನಿಮ್ಗಲ್ಲ. ಪಾಸ್‌ವರ್ಡ್ ಮರ್ತೋದ್ರೆ ಅವ್ರ ಅಂಗಡಿ ಮುಚ್ಚಿದ್ರೆ ನಿಮ್ ಕಥೆ ಅಷ್ಟೇ.

ಈಗ ಬೈಯೋ ಭಾಗ. ಫೋಟೋ. ಬಿಳಿ ಪರದೆ ಸ್ಟೂಲು ಎಲ್ಲಾ ಸರಿ, ಆದ್ರೆ ಕೆಬಿ ಕಮ್ಮಿ ಮಾಡೋಕೆ ಅಂತ ಅಕ್ಕ ಒಂದೇ ಸಲ ಎಷ್ಟು ಹಿಂಡ್ತಾರೆ ಅಂದ್ರೆ ಹಾಲ್ ಟಿಕೆಟಲ್ಲಿ ಮುಖ ಹಬೆ ಹಿಡಿದ ಕನ್ನಡಿಲಿ ನೋಡ್ದಂಗೆ ಬರತ್ತೆ. ಮುಂಚೆ ಆಗಿದ್ರೆ ನಕ್ಕು ಬಿಡ್ಬಹುದಿತ್ತು. 2023ರ ಅಕ್ಟೋಬರಲ್ಲಿ ನಿಗಮ ಮಂಡಳಿ ಎಕ್ಸಾಮಲ್ಲಿ ಕಲಬುರಗಿ ಯಾದಗಿರಿ ಕಡೆ ಬ್ಲೂಟೂತ್ ಹಾಕ್ಕೊಂಡು ಸಿಕ್ಕಿಬಿದ್ರಲ್ಲ, ಅದಾದ್ಮೇಲೆ ಗೇಟಲ್ಲಿ ಚೆಕಿಂಗ್ ಬೇರೆನೇ ಲೆವೆಲ್ಲು, ತುಂಬುತೋಳಿನ ಶರ್ಟ್ ಬೇಡ, ಶೂ ಬೇಡ, ಕಿವಿಲಿ ಏನೂ ಇರಂಗಿಲ್ಲ. ಫೋಟೋಲಿ ಇರೋದು ನೀವೇನಾ ಅಂತ ಇನ್ವಿಜಿಲೇಟರ್ ಎರಡೆರಡು ಸಲ ನೋಡ್ತಾರೆ, ಎಕ್ಸಾಂ ಶುರು ಆಗೋ ಟೈಮಲ್ಲಿ ಆ ಟೆನ್ಶನ್ ಯಾರಿಗೆ ಬೇಕು. ಫೋಟೋ ಬೇರೆ ಸ್ಟುಡಿಯೋಲಿ ತೆಗೆಸ್ಕೊಂಡು ಪೆನ್‌ಡ್ರೈವಲ್ಲಿ ತಗೊಂಡೋಗಿ.

ಇನ್ನೊಂದು ಸೀರಿಯಸ್ಸು, ಒಂದು ಸ್ಟಾರ್ ಕಟ್ ಮಾಡಿದ್ದು ಇದಕ್ಕೇ. ಸ್ಕ್ಯಾನ್ ಮಾಡಿದ ಎಲ್ಲಾರ ಡಾಕ್ಯುಮೆಂಟೂ ಮಧ್ಯದ ಸಿಸ್ಟಮಲ್ಲಿ ಡೆಸ್ಕ್‌ಟಾಪ್ ಮೇಲೆ ಒಂದೇ ಫೋಲ್ಡರಲ್ಲಿ ಬಿದ್ದಿರತ್ತೆ. ನನ್ ಮಾರ್ಕ್ಸ್ ಕಾರ್ಡ್ ಹುಡುಕೋಕೆ ಅಕ್ಕ ಫೋಲ್ಡರ್ ತೆಗೆದ್ರೆ ಯಾರ್ಯಾರ್ದೋ ಆಧಾರು, ಜಾತಿ ಪತ್ರ, ಸೈನು, ಹುಡುಗೀರ ಫೋಟೋ, ಎಲ್ಲಾ ಸಾಲಾಗಿ ಕಾಣ್ತಿದೆ. ಕೆಟ್ಟ ಉದ್ದೇಶ ಇಲ್ಲ ಅವ್ರಿಗೆ, ಮುಂದಿನ ಸಲ ಬಂದಾಗ ಮತ್ತೆ ಸ್ಕ್ಯಾನ್ ಮಾಡೋದು ತಪ್ಪತ್ತೆ ಅಂತ ಇಟ್ಕೊಂಡಿರೋದು. ಆದ್ರೆ ಅದೇ ಸಿಸ್ಟಮಲ್ಲಿ ಗಂಟೆಗಿಷ್ಟು ಅಂತ ಹೊರಗಿನೋರೂ ಕೂರ್ತಾರಲ್ವಾ. ಸೈನು, ಆಧಾರು, ಮಾರ್ಕ್ಸ್ ಕಾರ್ಡು ಒಟ್ಟಿಗೆ ಸಿಕ್ರೆ ಏನೇನ್ ಮಾಡ್ಬಹುದು ಅಂತ ಈ ಕಾಲ್ದಲ್ಲಿ ಬಿಡಿಸಿ ಹೇಳ್ಬೇಕಾಗಿಲ್ಲ. ನಾನು ಹೇಳ್ದೆ, "ಡಿಲೀಟ್ ಮಾಡ್ತೀವಿ ಬಿಡಿ" ಅಂದ್ರು, ಮುಂದಿನ ಸಲ ಹೋದಾಗ್ಲೂ ಅಲ್ಲೇ ಇತ್ತು. ಎದ್ದು ಬರೋ ಮುಂಚೆ ನಿಮ್ ಕಣ್ಮುಂದೆನೇ ಡಿಲೀಟ್ ಮಾಡ್ಸಿ, ರೀಸೈಕಲ್ ಬಿನ್ನೂ ಖಾಲಿ ಮಾಡ್ಸಿ. ಮುಖ ಸಿಂಡರಿಸ್ತಾರೆ, ಮಾಡ್ತಾರೆ.

ಲಾಸ್ಟ್ ಡೇಟ್ ಹಿಂದಿನ ದಿನ ಅಂತೂ ಆ ಕಡೆ ತಲೆ ಹಾಕ್ಬೇಡಿ. ಸರ್ವರ್ ಡೌನು, ಓಟಿಪಿ ಬರಲ್ಲ, ದುಡ್ಡು ಕಟ್ಟಾಗಿದೆ ಆದ್ರೆ ಪೆಂಡಿಂಗ್ ತೋರಿಸ್ತಿದೆ, ಮತ್ತೆ ಕಟ್ಟೋದಾ ಕಾಯೋದಾ ಅಂತ ಹತ್ತು ಜನ ಒಟ್ಟಿಗೆ ಕೂಗ್ತಿರ್ತಾರೆ, ಅವತ್ತು ಅಣ್ಣನೂ ಆ ನಾಲ್ಕು ಪ್ರಶ್ನೆ ಕೇಳಲ್ಲ, ಬೇರೆ ಅಂಗಡಿಯೋರ ಥರಾನೇ ಟಕಟಕ ತುಂಬಿ ಕಳಿಸ್ತಾರೆ. ಅಂದ್ರೆ ನೀವು 150 ಕೊಟ್ಟಿದ್ದೇ ವೇಸ್ಟು.

ಒಂದು ವಿಷ್ಯ ಮೆಚ್ಕೋಬೇಕು, ಬ್ರೋಕರ್‌ಗಳನ್ನ ಅಂಗಡಿ ಹತ್ರ ಸೇರಿಸಲ್ಲ. ಈ ಏರಿಯಾದಲ್ಲಿ ಟೀ ಅಂಗಡಿ ಮುಂದೆ "ಒಳಗೆ ಜನ ಇದಾರೆ, ಇಷ್ಟು ಕೊಟ್ರೆ ಗ್ಯಾರಂಟಿ" ಅನ್ನೋರಿಗೆ ಬರ ಇಲ್ಲ. ಅಂಥೋನೊಬ್ಬ ಬಂದು ವಿಸಿಟಿಂಗ್ ಕಾರ್ಡ್ ಇಟ್ಟು ಹೋದ್ರೆ ಅಣ್ಣ ಅದನ್ನ ಹರಿದು ಕಸದ ಬುಟ್ಟಿಗೆ ಹಾಕಿದ್ದು ನೋಡಿದೀನಿ. 545 ಪಿಎಸ್‌ಐ ಕಥೆ ಎಲ್ಲರಿಗೂ ಗೊತ್ತಿರೋದೇ, 2021ರ ಅಕ್ಟೋಬರಲ್ಲಿ ಎಕ್ಸಾಂ ಆಗಿ, ಓಎಂಆರ್ ಶೀಟ್ ತಿದ್ದಿದ್ದು ಬಯಲಾಗಿ, 2022ರ ಏಪ್ರಿಲಲ್ಲಿ ನೇಮಕಾತಿನೇ ರದ್ದಾಗಿ, ಕೊನೆಗೆ 2024ರ ಜನವರಿ 23ಕ್ಕೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಬೆಂಗಳೂರಲ್ಲಿ ಮರುಪರೀಕ್ಷೆ ಮಾಡ್ತು. ದುಡ್ಡು ಕೊಟ್ಟೋರೂ ಹೋದ್ರು, ಕೊಡ್ದೇ ನಿಯತ್ತಾಗಿ ಬರ್ದು ಲಿಸ್ಟಲ್ಲಿದ್ದೋರೂ ಮತ್ತೆ ಬರೀಬೇಕಾಯ್ತು, ಅದ್ರಲ್ಲಿ ಎರಡನೇ ಸಲ ಆಗ್ದೇ ಇರೋರ ಕಷ್ಟ ಯಾರ್ ಕೇಳ್ತಾರೆ. ಇನ್ನೂ ಹಳೇದು 2011ರ ಕೆಎಎಸ್ ಬ್ಯಾಚು, 362 ಹುದ್ದೆ, ಅಕ್ರಮದ ಆರೋಪಕ್ಕೆ ಸರ್ಕಾರ ಪಟ್ಟಿ ರದ್ದು ಮಾಡಿ, ಕೆಎಟಿ (ಆಡಳಿತ ನ್ಯಾಯಮಂಡಳಿ), ಹೈಕೋರ್ಟು ಎಲ್ಲಾ ಸುತ್ತಿ 2022ರಲ್ಲಿ ಅದಕ್ಕೇ ಅಂತ ಒಂದು ಕಾಯ್ದೆ ಮಾಡ್ಬೇಕಾಯ್ತು. 384 ಪೋಸ್ಟಿನ ಕೆಎಎಸ್ ಪ್ರಿಲಿಮ್ಸ್ 2024ರ ಆಗಸ್ಟ್ 27ಕ್ಕೆ ಆಗಿ, ಪ್ರಶ್ನೆಪತ್ರಿಕೆ ಗಲಾಟೆ ಆಗಿ, ಡಿಸೆಂಬರ್ 29ಕ್ಕೆ ಮತ್ತೆ ಬರೆದ್ವಿ. ಅರ್ಜಿ ಫಾರಂ ಎಷ್ಟೇ ನೀಟಾಗಿ ತುಂಬ್ಕೊಟ್ರೂ ಅದ್ರಾಚೆಗೆ ಅಂಗಡಿಯೋರ ಕೈಲೇನಿದೆ.

2024ರ ಅಕ್ಟೋಬರ್ ಕೊನೇಲಿ ಎಸ್‌ಸಿ ಒಳಮೀಸಲಾತಿ ತೀರ್ಮಾನ ಆಗೋ ತನಕ ಹೊಸ ನೋಟಿಫಿಕೇಶನ್ ಬೇಡ ಅಂತ ಕ್ಯಾಬಿನೆಟ್ ಹೇಳ್ತಲ್ಲ, ಆಗ ನೋಡ್ಬೇಕಿತ್ತು ಈ ಅಂಗಡಿನ. ಬೋರ್ಡು ತಿಂಗಳುಗಟ್ಲೆ ಖಾಲಿ. ಎಸ್‌ಸಿಯ 17 ಪರ್ಸೆಂಟನ್ನ ಮೂರು ಗುಂಪಿಗೆ 6, 6, 5 ಅಂತ ಹಂಚೋ ತೀರ್ಮಾನ ಆಗಿದ್ದು 2025ರ ಆಗಸ್ಟಲ್ಲಿ, ಅಲ್ಲಿ ತನಕ ಅಣ್ಣ ಪಾನ್ ಕಾರ್ಡು, ಪಾಸ್‌ಪೋರ್ಟು, ಯುವನಿಧಿ ಅಂತ ದಿನ ದೂಡಿದ್ರು. ಡಿಗ್ರಿ ಆದೋರಿಗೆ ತಿಂಗಳಿಗೆ 3000, ಡಿಪ್ಲೊಮಾಗೆ 1500 ಬರೋ ಆ ಯುವನಿಧಿಗೂ ಕೆಲ್ಸ ಸಿಕ್ಕಿಲ್ಲ ಅಂತ ನಾವೇ ಘೋಷಣೆ ಕೊಡ್ಬೇಕು, ಅದಕ್ಕೆ ಅಂಗಡಿಲಿ 30 ರೂಪಾಯಿ. ರಾಜ್ಯದಲ್ಲಿ ಖಾಲಿ ಇರೋ ಹುದ್ದೆ ಎರಡೂವರೆ ಲಕ್ಷಕ್ಕೂ ಮೇಲೆ, ಅಂಗಡಿ ಮುಂದೆ ಓದಿರೋರ ಗುಂಪು, ಒಳಗೆ ಕೆಲ್ಸ ಇಲ್ಲ ಅಂತ ಬರೆಸ್ಕೊಳೋ ಫಾರಂ. ಇದಕ್ಕೆ ಯಾವ ಸ್ಟಾರ್ ಕೊಡೋದೋ ನಂಗೊತ್ತಿಲ್ಲ.

ಅದೇ ಟೈಮಲ್ಲಿ ಪುಕಾರುಗಳೂ ಜಾಸ್ತಿ. 2025ರ ಸೆಪ್ಟೆಂಬರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಅಡಿಲಿ ಐದು ಪಾಲಿಕೆ ಆಯ್ತಲ್ಲ, ಆ ವಾರಾನೇ "ಐದಕ್ಕೂ ಬೇರೆ ಬೇರೆ ಎಸ್‌ಡಿಎ ಕರೀತಾರಂತೆ, ಲಿಂಕ್ ಬಂದಿದೆ" ಅಂತ ಟೆಲಿಗ್ರಾಂ ಸ್ಕ್ರೀನ್‌ಶಾಟ್ ಹಿಡ್ಕೊಂಡು ಜನ ಬಂದ್ರು. ಅಣ್ಣ ಕೇಳಿದ್ದು ಒಂದೇ, "ಅಧಿಸೂಚನೆ ನಂಬರ್ ತೋರ್ಸಿ". ಇರ್ಲಿಲ್ಲ. ಲಿಂಕ್ ಒತ್ತಿದ್ರೆ ಕರ್ನಾಟಕ ಸರ್ಕಾರದ ಡೊಮೈನ್ ಅಲ್ಲ, ಯಾವ್ದೋ ಸೈಟು, ಮೊದಲನೇ ಪೇಜಲ್ಲೇ 199 ಕಟ್ಟಿ ಅಂತ. ಅರ್ಜಿ ಹಾಕ್ದೇ ಇದ್ರೆ ಅಣ್ಣಂಗೆ ದುಡ್ಡು ಬರಲ್ಲ, ಆದ್ರೂ ಹಾಕ್ಲಿಲ್ಲ.

ಪ್ರೈವೇಟ್ ಕೆಲ್ಸದ ಆ್ಯಪುಗಳ ಜೊತೆ ಹೋಲಿಸಿ ಕೇಳೋರಿಗೆ ಒಂದು ಮಾತು. ಅಲ್ಲಿ ರೆಸ್ಯೂಮ್ ಒಂದು ಸಲ ಹಾಕಿದ್ರೆ ಮುಗೀತು, ತಪ್ಪಿದ್ರೆ ನಾಳೆ ಸರಿ ಮಾಡ್ಬಹುದು, ಒಂದು ಕಂಪನಿ ಬೇಡ ಅಂದ್ರೆ ಇನ್ನೊಂದು. ಅದಕ್ಕೆ ಯಾವ ಅಂಗಡಿನೂ ಬೇಡ. ಸರ್ಕಾರಿ ಅರ್ಜಿಲಿ ಸಾಮಾನ್ಯವಾಗಿ ಲಾಸ್ಟ್ ಡೇಟ್ ಆದ್ಮೇಲೆ ಮೀಸಲಾತಿ ಕ್ಲೇಮು ಬದಲಾಯಿಸೋಕೆ ಬಿಡಲ್ಲ, ಮುಂದಿನ ಕಾಲ್‌ಫಾರ್ ಯಾವಾಗ ಅಂತ ದೇವ್ರಿಗೇ ಗೊತ್ತು, ಅಷ್ಟರಲ್ಲಿ ವಯಸ್ಸು ಕೂರಲ್ಲ.

ನಿಮ್ದು ಕ್ಲೇಮು ಜಾಸ್ತಿ ಇಲ್ಲ, ಬೆಂಗಳೂರಲ್ಲೇ ಹುಟ್ಟಿ ಇಂಗ್ಲಿಷ್ ಮೀಡಿಯಮ್ಮಲ್ಲಿ ಓದಿ ಸಾಮಾನ್ಯ ವರ್ಗದಲ್ಲಿ ಹಾಕ್ತಿದೀರ ಅಂದ್ರೆ ನಿಜವಾಗ್ಲೂ ಈ ಅಂಗಡಿ ಬೇಡ, ಮನೇಲೇ ಲ್ಯಾಪ್‌ಟಾಪಲ್ಲಿ ಹಾಕ್ಕೊಳಿ, 150 ಉಳಿಸಿ. ಕನ್ನಡ ಕಡ್ಡಾಯ ಪರೀಕ್ಷೆಗೆ ಓದ್ಕೊಳಿ ಅಷ್ಟೇ, 150ಕ್ಕೆ 50 ಬರ್ಲಿಲ್ಲ ಅಂದ್ರೆ ಮಿಕ್ಕ ಪೇಪರಲ್ಲಿ ಎಷ್ಟೇ ಬಂದ್ರೂ ಲೆಕ್ಕಕ್ಕಿಲ್ಲ. ಆದ್ರೆ ಗ್ರಾಮೀಣ, ಕನ್ನಡ ಮಾಧ್ಯಮ, 371 ಜೆ, ಯೋಜನಾ ನಿರಾಶ್ರಿತರು, ಇದ್ರಲ್ಲಿ ಯಾವ್ದಾದ್ರೂ ಎರಡು ಇದ್ರೂ ಒಂದು ಸಲ ಹೋಗಿ ಕೂತ್ಕೊಂಡು ಕೇಳಿ. ಅರ್ಜಿ ಶುರುವಾದ ಮೊದಲನೇ ವಾರದಲ್ಲೇ ಹೋಗಿ, ಬೆಳಿಗ್ಗೆ ಹನ್ನೊಂದರ ಒಳಗೆ, ಆಗ ಅಣ್ಣ ಫ್ರೀ ಇರ್ತಾರೆ, ಮೂಡೂ ಚೆನ್ನಾಗಿರತ್ತೆ. ಒರಿಜಿನಲ್ ಎಲ್ಲಾ ತಗೊಂಡೋಗಿ, ಎಸ್ಸೆಸ್ಸೆಲ್ಸಿ ಕಾರ್ಡ್ ಮೇಲ್ಗಡೆ ಇಟ್ಕೊಂಡಿರಿ. ಸೈನನ್ನ ಮನೇಲೇ ಬಿಳಿ ಹಾಳೆ ಮೇಲೆ ಕಪ್ಪು ಪೆನ್ನಲ್ಲಿ ಹಾಕಿ ತಗೊಂಡೋದ್ರೆ ಇನ್ನೂ ಒಳ್ಳೇದು, ಅಲ್ಲಿರೋ ಪೆನ್ನು ಯಾವತ್ತೂ ಬರಿಯಲ್ಲ. ಯುಪಿಐ ತಗೋತಾರೆ. ಭಾನುವಾರ ಮಧ್ಯಾಹ್ನದ ಮೇಲೆ ಬಾಗಿಲು ಹಾಕಿರತ್ತೆ, ಎಕ್ಸಾಂ ಇರೋ ಭಾನುವಾರ ಮಾತ್ರ ಹಾಲ್ ಟಿಕೆಟ್ ಪ್ರಿಂಟಿಗೆ ಅಂತ ಬೆಳಿಗ್ಗೆ ಆರಕ್ಕೇ ತೆಗೀತಾರೆ, ಅವತ್ತು ಪ್ರಿಂಟಿಗೆ ಡಬಲ್ ರೇಟು, ಅದಕ್ಕೆ ಹಿಂದಿನ ದಿನಾನೇ ತೆಗೆಸಿಟ್ಕೊಳಿ.